ಜಾಳಾದದ್ದು ಎಲ್ಲಿ? ಬೆಳಗಾವಿಯ ಒಂದು ನಾಟಕ, ಎರಡು ವಿಮರ್ಶೆ

ಹೋದ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ಬೆಳಗಾವಿಯಲ್ಲಿ ಒಂದು ನಾಟಕ ನೋಡಿದೆ. ವಾರಪತ್ರಿಕೆಯೊಂದಕ್ಕೆ ಅದರ ವಿಮರ್ಶೆ ಬರೆದೆ. ಹದಿನೆಂಟು ದಿನ ಬಿಟ್ಟು ಅದೇ ನಾಟಕದ ಬಗ್ಗೆ ಇನ್ನೊಂದು ವಿಮರ್ಶೆ ಬರೆಯಬೇಕಾಯಿತು. ಮೊದಲನೆಯದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದಿದವರ ಕೈಗೆ ಸಿಗುವಂಥದ್ದೂ ಏನೂ ಇರಲಿಲ್ಲ. ಅದು ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ತಂಡದ ಹೆಸರು, ರಂಗಮಂದಿರದ ಹೆಸರು, ಜನರ ಹೆಸರು ಹಾಕಿಲ್ಲ. ಬೆಳಗಾವಿ ಸಣ್ಣ ಊರಲ್ಲ. ಆದರೆ ಇಲ್ಲಿ ನಾಟಕ ಮಾಡುವವರ ಬಳಗ ಸಣ್ಣದು. ಎಲ್ಲರಿಗೂ ಎಲ್ಲರೂ ಗೊತ್ತು.

ನಾಟಕ ಮತ್ತು ತಂಡ

ನಾಟಕ ಸಂಗ್ಯಾ ಬಾಳ್ಯಾ. ಈ ಭಾಗದವರಿಗೆ ಕಥೆ ಹೇಳಬೇಕಾಗಿಲ್ಲ, ಉಳಿದವರಿಗೆ ನಾಲ್ಕು ಮಾತು. ಸಂಗ್ಯಾ ಮತ್ತು ಬಾಳ್ಯಾ ಗೆಳೆಯರು. ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಕಣ್ಣು ಬೀಳುತ್ತದೆ. ಬಾಳ್ಯಾ ಅದಕ್ಕೆ ನೆರವಾಗುತ್ತಾನೆ. ಕೊನೆಗೆ ಅದೇ ಬಾಳ್ಯಾ ಗೆಳೆಯನನ್ನು ಹಗೆಗಳ ಕೈಗೆ ಒಪ್ಪಿಸುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ಇದು ಬೈಲಹೊಂಗಲದಲ್ಲಿ ನಿಜವಾಗಿ ನಡೆದದ್ದು ಎಂದೇ ಇಲ್ಲಿನ ಜನ ಹೇಳುತ್ತಾರೆ. ಬೈಲಹೊಂಗಲ ಬೆಳಗಾವಿಯಿಂದ ಸುಮಾರು 45 ಕಿಲೋಮೀಟರ್. ಹಾಗಾಗಿ ನಮ್ಮ ನಗರದಲ್ಲಿ ಈ ನಾಟಕ ಆಡಿದರೆ ನೋಡುವವರಲ್ಲಿ ಅರ್ಧ ಜನ ಅದನ್ನು ಎಳೆಯ ವಯಸ್ಸಿನಲ್ಲೇ ಊರಲ್ಲಿ ನೋಡಿರುತ್ತಾರೆ.

ಇದು ಸಣ್ಣಾಟ, ಉತ್ತರ ಕರ್ನಾಟಕದ ಒಂದು ಜಾನಪದ ಆಟ. ದೊಡ್ಡಾಟದಲ್ಲಿ ದೇವರು, ರಾಜರು, ಯುದ್ಧ, ಕಿರೀಟ, ಭುಜಕೀರ್ತಿ. ಸಣ್ಣಾಟದಲ್ಲಿ ಪಕ್ಕದ ಓಣಿಯ ಜನ. ಧೋತರ, ರುಮಾಲು, ಇಳಕಲ್ ಸೀರೆ. ಊರಲ್ಲಿ ಆಡುವಾಗ ಅಟ್ಟ (ಎತ್ತರದ ವೇದಿಕೆ) ಹಾಕಿ, ರಾತ್ರಿ ಊಟ ಮುಗಿದ ಮೇಲೆ ಶುರು ಮಾಡಿದರೆ ಬೆಳಗಿನ ತನಕ ನಡೆಯುತ್ತದೆ. ಪಾತ್ರಧಾರಿ ಹಾಡುತ್ತಾನೆ, ಮಾತಾಡುತ್ತಾನೆ. ಅವನ ಬೆನ್ನ ಹಿಂದೆ ಪೇಟಿ (ಹಾರ್ಮೋನಿಯಂ), ತಬಲಾ, ತಾಳದ ಜತೆ ಹಿಮ್ಮೇಳದವರು ಇರುತ್ತಾರೆ. ಅವನು ಬಿಟ್ಟ ಸಾಲನ್ನು ಅವರು ಏರುದನಿಯಲ್ಲಿ ಎತ್ತಿಕೊಳ್ಳುತ್ತಾರೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂಡ ಹವ್ಯಾಸಿಗಳದ್ದು. ಇಬ್ಬರು ಶಾಲೆ ಶಿಕ್ಷಕರು, ಒಬ್ಬ ಬ್ಯಾಂಕ್ ನೌಕರ, ಒಬ್ಬ ಎಲೆಕ್ಟ್ರಿಷಿಯನ್, ಉಳಿದವರು ಕಾಲೇಜು ಹುಡುಗ ಹುಡುಗಿಯರು. ಎರಡು ತಿಂಗಳು ಸಂಜೆ ಏಳರ ಮೇಲೆ ಒಂದು ಶಾಲೆಯ ಕೋಣೆಯಲ್ಲಿ ತಾಲೀಮು ಮಾಡಿದ್ದರು. ಬೆಳತನಕದ ಆಟವನ್ನು ಎರಡು ಗಂಟೆಗೆ ಇಳಿಸಿದ್ದರು. ಪೇಟಿಗೆ ಮಾತ್ರ ಬೈಲಹೊಂಗಲ ಕಡೆಯ ಹಿರಿಯರೊಬ್ಬರನ್ನು ಕರೆಸಿದ್ದರು. ಎಪ್ಪತ್ತು ದಾಟಿದವರು, ಸಣ್ಣಾಟದಲ್ಲೇ ಬದುಕು ಸವೆಸಿದವರು. ಎಲ್ಲರೂ ಅವರನ್ನು ಪೇಟಿ ಮಾಸ್ತರ ಅನ್ನುತ್ತಿದ್ದರು.

ನಾನು ಮೊದಲು ಬರೆದದ್ದು

ಆ ವಿಮರ್ಶೆಯ ಮುಖ್ಯ ಭಾಗ ಇಷ್ಟು: "ಮೊದಲರ್ಧ ಪ್ರೇಕ್ಷಕರನ್ನು ಹಿಡಿದಿಟ್ಟಿತು. ದ್ವಿತೀಯಾರ್ಧ ಸ್ವಲ್ಪ ಜಾಳಾಯಿತು. ಸಂಗ್ಯಾನ ಪಾತ್ರಧಾರಿ ಗಮನ ಸೆಳೆದರು. ಬಾಳ್ಯಾ ತಮ್ಮ ಪಾತ್ರಕ್ಕೆ ನ್ಯಾಯ ಒದಗಿಸಿದರು. ಸಂಗೀತ ಪೂರಕವಾಗಿತ್ತು. ಬೆಳಕಿನ ವಿನ್ಯಾಸ ಇನ್ನಷ್ಟು ಉತ್ತಮವಾಗಬಹುದಿತ್ತು. ಒಟ್ಟಿನಲ್ಲಿ ಒಳ್ಳೆಯ ಪ್ರಯತ್ನ."

ಕನ್ನಡದಲ್ಲಿ ನಾಟಕದ ವಿಮರ್ಶೆ ಓದುವವರಿಗೆ ಈ ಮಾತುಗಳು ಹೊಸವಲ್ಲ, ಅಲ್ವಾ? ಗಮನ ಸೆಳೆದರು, ನ್ಯಾಯ ಒದಗಿಸಿದರು, ಪೂರಕವಾಗಿತ್ತು. ಇವನ್ನು ಯಾವ ನಾಟಕದ ಬಗ್ಗೆ ಬೇಕಾದರೂ ಬರೆಯಬಹುದು. ನಾಟಕ ನೋಡದೆಯೂ ಬರೆಯಬಹುದು. ನಾನು ನೋಡಿದ್ದೆ, ಟಿಕೆಟ್ ತಗೊಂಡು ಐದನೇ ಸಾಲಲ್ಲಿ ಕೂತು ನೋಡಿದ್ದೆ. ಆದರೆ ನೋಡಿದ ಗುರುತು ಬರಹದಲ್ಲಿ ಇರಲಿಲ್ಲ.

ಹೀಗೆ ಬರೆಯುವುದಕ್ಕೆ ಒಂದು ಕಾರಣ ನಮ್ಮ ಊರಿನ ಸ್ಥಿತಿ. ಇಲ್ಲಿ ನಾಟಕದ ಸುದ್ದಿ ಎಂದರೆ ಉದ್ಘಾಟನೆಯ ಸುದ್ದಿ. ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ವಂದಿಸಿದವರು, ಎಲ್ಲರ ಹೆಸರೂ ಬರುತ್ತದೆ. ಕೊನೆಗೆ "ನಂತರ ನಾಟಕ ಪ್ರದರ್ಶನಗೊಂಡಿತು" ಎಂದು ಒಂದು ಸಾಲು. ಆ ಒಂದು ಸಾಲಿಗೆ ಎರಡು ತಿಂಗಳು ದುಡಿದವರ ಕಷ್ಟ ನೆನಪಾಗಿ, ಅದನ್ನು ಹತ್ತು ಸಾಲು ಮಾಡಿದರೆ ಸಾಕು ಅನಿಸುತ್ತದೆ. ಒಳ್ಳೆಯ ಮಾತು ಹೇಳಿದರೆ ಉಪಕಾರ ಮಾಡಿದಂತೆ ಅನಿಸುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ನಾನು ಕೆಲವು ವರ್ಷ ಬೆಂಗಳೂರಿನಲ್ಲಿದ್ದೆ. ವಿಮರ್ಶೆ ಬರೆಯಲು ಕಲಿತದ್ದು ಅಲ್ಲಿ. 2004ರಲ್ಲಿ ರಂಗಶಂಕರ ಎಂಬ ರಂಗಮಂದಿರ ಶುರುವಾದ ಮೇಲೆ ಅಲ್ಲಿ ಹೆಚ್ಚುಕಡಿಮೆ ದಿನಾ ಒಂದು ನಾಟಕ. ಒಳ್ಳೆಯ ನಾಟಕ ಮತ್ತೆ ಮತ್ತೆ ಆಡುತ್ತದೆ. ಅಲ್ಲಿ ವಿಮರ್ಶೆ ಓದಿದವರು ಮುಂದಿನ ಪ್ರಯೋಗಕ್ಕೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಅಂಥ ಓದುಗರಿಗೆ "ನೋಡಬಹುದು" ಎಂಬ ಒಂದು ಮಾತೂ ಉಪಯೋಗಕ್ಕೆ ಬರುತ್ತದೆ. ಬೆಳಗಾವಿಯಲ್ಲಿ ಹವ್ಯಾಸಿ ನಾಟಕ ಒಂದು ಪ್ರಯೋಗ ಕಂಡರೆ ಹೆಚ್ಚು, ಎರಡಾದರೆ ಹಬ್ಬ. ವಿಮರ್ಶೆ ಅಚ್ಚಾಗುವ ಹೊತ್ತಿಗೆ ನಾಟಕ ಮುಗಿದಿರುತ್ತದೆ. ಹಾಗಿದ್ದರೆ ಇಲ್ಲಿ ವಿಮರ್ಶೆ ಯಾರಿಗೆ? ನೋಡಲು ಹೋಗುವವರಿಗಂತೂ ಅಲ್ಲ. ನೋಡಿ ಬಂದವರಿಗೆ, ಆಡಿದವರಿಗೆ, ಮುಂದೆ ಯಾವಾಗಲೋ ಈ ಊರಲ್ಲಿ ಏನು ನಡೆದಿತ್ತು ಎಂದು ಹುಡುಕುವವರಿಗೆ. ಈ ಮೂವರಲ್ಲಿ ಯಾರಿಗೂ "ಒಳ್ಳೆಯ ಪ್ರಯತ್ನ" ಎಂಬ ಮಾತಿನಿಂದ ಏನೂ ಸಿಗುವುದಿಲ್ಲ. ಬೆಂಗಳೂರಿನ ಅಳತೆಯ ಅಂಗಿಯನ್ನು ನಾನು ಬೆಳಗಾವಿಗೆ ತೊಡಿಸುತ್ತಿದ್ದೆ.

ಒಂದು ಫೋನು

ವಿಮರ್ಶೆ ಬಂದ ಮೂರನೇ ದಿನ ನಿರ್ದೇಶಕರ ಫೋನು ಬಂತು. ಸಿಟ್ಟಿನಿಂದ ಅಲ್ಲ. ತುಂಬಾ ನಿಧಾನವಾಗಿ ಕೇಳಿದರು.

"ಅಕ್ಕಾರ, ಎರಡನೇ ಅರ್ಧ ಜಾಳಾತು ಅಂತ ಬರದೀರಿ. ಖರೇನ ಇರಬೇಕು, ನಮಗೂ ಹಂಗ ಅನಿಸೇತಿ. ಆದ್ರ ಎಲ್ಲಿ ಜಾಳಾತು ಹೇಳ್ರಿ? ಇನ್ನ ಎರಡು ವಾರಕ್ಕ ಇನ್ನೊಂದು ಪ್ರಯೋಗ ಐತಿ. ತಿದ್ದಬೇಕಂದ್ರ ನಮಗ ಜಾಗಾ ಗೊತ್ತಾಗಬೇಕಲ್ಲ."

ನನ್ನ ಬಳಿ ಉತ್ತರ ಇರಲಿಲ್ಲ. ಅನಿಸಿಕೆ ಇತ್ತು, ಜಾಗ ಇರಲಿಲ್ಲ. ಆ ರಾತ್ರಿ ಬರೆದುಕೊಂಡ ಚೀಟಿ ತೆಗೆದು ನೋಡಿದೆ. "ಇಂಟರ್‌ವಲ್ ಆದ ಮೇಲೆ ಬೇಸರ" ಎಂದಿತ್ತು. ಬೇಸರ ನನ್ನದು. ಅದಕ್ಕೆ ಕಾರಣ ರಂಗದ ಮೇಲೆ ಎಲ್ಲೋ ಇತ್ತು. ಆ ಕಾರಣ ಹುಡುಕುವುದೇ ವಿಮರ್ಶಕಿಯ ಕೆಲಸ, ನಾನು ಬೇಸರ ವರದಿ ಮಾಡಿ ಸುಮ್ಮನಾಗಿದ್ದೆ.

"ಎರಡನೇ ಪ್ರಯೋಗಕ್ಕೂ ಬರ್ತೀನಿ, ಆಮೇಲೆ ಹೇಳ್ತೀನಿ" ಎಂದೆ.

ಎರಡನೇ ಪ್ರಯೋಗ

ಅದೇ ರಂಗಮಂದಿರ. ಈ ಸಲ ಗಡಿಯಾರ, ದಪ್ಪ ಪೆನ್ನು, ಬಿಡಿ ಹಾಳೆಗಳು. ಕತ್ತಲಲ್ಲಿ ಬರೆಯುವಾಗ ಫೋನಿನ ಬೆಳಕು ಹಾಕಬಾರದು. ಅದು ಪಕ್ಕದವರಿಗೂ ತೊಂದರೆ, ನಟರಿಗೂ ತೊಂದರೆ. ಒಂದು ಹಾಳೆಗೆ ಒಂದೇ ಮಾತು, ದೊಡ್ಡ ಅಕ್ಷರ. ಬೆಳಿಗ್ಗೆ ಓದಲು ಬಂದರೆ ಸಾಕು. ಮತ್ತೆ, ಒಂದೇ ಕಡೆ ಕೂರಲಿಲ್ಲ. ಮೊದಲ ಭಾಗ ಐದನೇ ಸಾಲು, ನಂತರ ಹದಿನಾಲ್ಕನೇ ಸಾಲು, ಕೊನೆಗೆ ಬಾಗಿಲ ಬಳಿ ನಿಂತುಕೊಂಡೆ.

ಮೊದಲು ಕಂಡದ್ದು ಕತ್ತಲು. ದೃಶ್ಯ ಬದಲಾಗುವಾಗ ದೀಪ ಪೂರ್ತಿ ಆರಿಸಿ ಮಂಚ, ದೀಪದ ಕಂಬ, ಬಾಗಿಲ ಚೌಕಟ್ಟು ಸಾಗಿಸುತ್ತಿದ್ದರು. ಇಡೀ ನಾಟಕದಲ್ಲಿ ಒಂಬತ್ತು ಸಲ. ಅದರಲ್ಲಿ ಎರಡು ಮಾತ್ರ ಮೊದಲರ್ಧದಲ್ಲಿ, ಏಳು ಎರಡನೇ ಅರ್ಧದಲ್ಲಿ. ಒಂದೊಂದಕ್ಕೂ ಮೂವತ್ತರಿಂದ ಐವತ್ತು ಸೆಕೆಂಡು. ಕೂಡಿಸಿದರೆ ಆರು ನಿಮಿಷಕ್ಕಿಂತ ಜಾಸ್ತಿ. ಮೊದಲ ಎರಡು ಕತ್ತಲಿನಲ್ಲಿ ಜನ ಸುಮ್ಮನಿದ್ದರು. ನಾಲ್ಕನೆಯದರಲ್ಲಿ ಕೆಮ್ಮು. ಆರನೆಯದರಲ್ಲಿ ಫೋನುಗಳು ಹೊತ್ತಿಕೊಂಡವು. ಒಮ್ಮೆ ಫೋನು ಹೊತ್ತಿತು ಎಂದರೆ ಮತ್ತೆ ರಂಗದ ಕಡೆ ಕಣ್ಣು ತಿರುಗಲು ಒಂದೆರಡು ನಿಮಿಷ ಬೇಕು. ಅಟ್ಟದ ಮೇಲೆ ಆಡುವ ಸಣ್ಣಾಟದಲ್ಲಿ ಈ ಕತ್ತಲೇ ಇಲ್ಲ. ಪಾತ್ರ ಒಂದು ಸುತ್ತು ಹಾಕಿ ಬಂದರೆ ಮನೆ ಹೋಗಿ ಜಾತ್ರೆ ಆಗುತ್ತದೆ. ನೋಡುವವರು ಒಪ್ಪಿಕೊಳ್ಳುತ್ತಾರೆ.

ಇಷ್ಟೇ ಆಗಿದ್ದರೆ ಉತ್ತರ ಸುಲಭ ಇತ್ತು. ಆದರೆ ಕತ್ತಲು ಇಲ್ಲದ ದೃಶ್ಯಗಳಲ್ಲೂ ನಾಟಕ ನಿಂತ ಹಾಗೆ ಅನಿಸುತ್ತಿತ್ತು. ಹದಿನಾಲ್ಕನೇ ಸಾಲಿಗೆ ಬಂದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಏನೆಂದು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹುಡುಗರು ವಾಕ್ಯದ ಬಾಲ ನುಂಗುತ್ತಿದ್ದರು. ಶುರುವಿನಲ್ಲಿ ದನಿ ಗಟ್ಟಿ, ಕೊನೆಗೆ ಬರುತ್ತಾ ಉಸಿರು ಮುಗಿದು ದನಿ ಕೆಳಗೆ. ಬೇರೆ ಕೆಲವು ಭಾಷೆಗಳಲ್ಲಿ ಇದು ಅಷ್ಟು ದೊಡ್ಡ ನಷ್ಟ ಅಲ್ಲದಿರಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು ಮಾಡಿದರು, ಮಾಡಿದರೋ ಇಲ್ಲವೋ, ಯಾವಾಗ ಮಾಡುತ್ತಾರೆ, ಎಲ್ಲವೂ ಆ ಬಾಲದಲ್ಲೇ ಇರುತ್ತದೆ. "ನಾ ಅವನ್ನ ಜೀವಂತ ಬಿಡೂದಿಲ್ಲ" ಎಂಬ ಮಾತಿನಲ್ಲಿ ಕೊನೆಯ ತುಂಡು ಹೋದರೆ ಉಳಿಯುವುದೇನು? "ನಾ ಅವನ್ನ ಜೀವಂತ" ಎಂದಷ್ಟೇ ಕೇಳಿಸಿ, ಕೊಲ್ಲುತ್ತಾನೋ ಕಾಪಾಡುತ್ತಾನೋ ತಿಳಿಯದೆ ಜನ ಪಕ್ಕದವರನ್ನು ಕೇಳುತ್ತಾರೆ. ನನ್ನ ಪಕ್ಕದ ಅಜ್ಜಿ ಮೊಮ್ಮಗನನ್ನು ಮೂರು ಸಲ ಕೇಳಿದರು, "ಏನಂದಾ?" ಐದನೇ ಸಾಲಲ್ಲಿ ಕೂತಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ವಿಮರ್ಶಕರಿಗೆ, ಅತಿಥಿಗಳಿಗೆ ಯಾವಾಗಲೂ ಮುಂದಿನ ಸಾಲು. ನಾಟಕ ಬಹುಪಾಲು ಜನರಿಗೆ ಹೇಗೆ ಕೇಳುತ್ತದೆ ಎಂದು ಅಲ್ಲಿಂದ ತಿಳಿಯುವುದಿಲ್ಲ.

ಇದೇ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿ, ಹೆಣ್ಣುಪಾತ್ರಗಳಿಂದ ಹೆಸರಾಗಿ, ಕಲಾವೈಭವ ನಾಟ್ಯ ಸಂಘ ಎಂಬ ನಾಟಕ ಕಂಪನಿ ಕಟ್ಟಿದ ಏಣಗಿ ಬಾಳಪ್ಪನವರು (1914–2017) ನೆನಪಾದರು. ಅವರ ತಲೆಮಾರಿನ ಕಂಪನಿ ನಟರು ಮೈಕಿಲ್ಲದ ಕಾಲದಲ್ಲಿ ಆಟ ಕಲಿತವರು. ಕೊನೆಯ ಸಾಲಿನವನೂ ದುಡ್ಡು ಕೊಟ್ಟೇ ಬಂದಿದ್ದಾನೆ, ಅವನಿಗೆ ಕೊನೆಯ ಅಕ್ಷರವೂ ಮುಟ್ಟಬೇಕು. ಈಗಿನ ಹುಡುಗರು ಮೈಕಿಗೆ ಒಗ್ಗಿದ್ದಾರೆ. ತಪ್ಪು ಅವರದ್ದಲ್ಲ, ಕಲಿಸುವವರು ಕಡಿಮೆ.

ಮೂರನೆಯದು ಕೊನೆಗೆ ಕಂಡಿತು, ಬಾಗಿಲ ಬಳಿ ನಿಂತಾಗ. ಸಂಗ್ಯಾ ಒಂದು ಸಾಲು ಹಾಡಿದ. ಹಿಮ್ಮೇಳ ಅದನ್ನು ಎತ್ತಿಕೊಂಡಿತು. ಆದರೆ ಹಿಮ್ಮೇಳದವರು ರಂಗದ ಮೇಲೆ ಇರಲಿಲ್ಲ. ಎಡಗಡೆಯ ಸೈಡ್ ವಿಂಗಿನಲ್ಲಿ ಪರದೆಯ ಮರೆಗೆ ಕೂತಿದ್ದರು. ಅವರ ದನಿ ಮೈಕಿನಿಂದ ಹೋಗಿ ನಮ್ಮ ತಲೆಯ ಮೇಲಿನ ಸ್ಪೀಕರಿನಿಂದ ಬರುತ್ತಿತ್ತು. ಆ ಹೊತ್ತಿನಲ್ಲಿ ಸಂಗ್ಯಾ ಏನು ಮಾಡುತ್ತಿದ್ದ? ಕಾಯುತ್ತಿದ್ದ. ಶಲ್ಯ ಸರಿ ಮಾಡಿಕೊಂಡ. ನೆಲ ನೋಡಿದ. ಮತ್ತೆ ಅವನ ಸಾಲು ಬಂತು, ಹಾಡಿದ, ಮತ್ತೆ ಕಾದ. ಎಣಿಸಲು ಶುರು ಮಾಡಿದೆ. ಎರಡನೇ ಅರ್ಧದಲ್ಲಿ ಹಾಡುಗಳು ಜಾಸ್ತಿ. ಹನ್ನೊಂದು ಸಲ ಯಾರೋ ಒಬ್ಬರು ಸುಮ್ನೆ ನಿಂತು ಕಾದರು.

ಇಲ್ಲಿತ್ತು ನನ್ನ ಬೇಸರ. ರಂಗದ ಮೇಲೆ ಕಾಯುವವರನ್ನು ನೋಡುತ್ತಾ ನಾವೂ ಕಾಯುತ್ತಿದ್ದೆವು.

ಪೇಟಿ ಮಾಸ್ತರರ ಜತೆ ಮಾತು

ನಾಟಕ ಮುಗಿದ ಮೇಲೆ ಹಿಂಬಾಗಿಲ ಬಳಿ ಪೇಟಿ ಮಾಸ್ತರ ಸಿಕ್ಕರು. ಪೇಟಿಗೆ ಬಟ್ಟೆ ಸುತ್ತುತ್ತಿದ್ದರು. ಬೈಲಹೊಂಗಲದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಚಹಾ ಕುಡಿಯುತ್ತಾ ಕೇಳಿದೆ, "ಮಾಸ್ತರ, ಹಿಮ್ಮೇಳ ಸೈಡಿಗೆ ಹೋದ್ರೆ ಏನು ವ್ಯತ್ಯಾಸ ಆಗ್ತದೆ?"

"ಹಿಂದ ಇರೂ ಮೇಳಕ್ಕ ಹಿಮ್ಮೇಳ ಅಂತಾರ ತಂಗಿ. ಬಾಜೂಕ ಕುಂತ್ರ ಅದು ಹಿಮ್ಮೇಳ ಹ್ಯಾಂಗ ಆಗತೈತಿ?"

ಅಷ್ಟು ಹೇಳಿ ಚಹಾ ಊದಿದರು. ಆಮೇಲೆ ಬಿಡಿಸಿ ಹೇಳಿದರು. ಆಟ ನಡೆಯುವಾಗ ಅವರು ಪಾತ್ರಧಾರಿಯ ಮುಖ ನೋಡುವುದಿಲ್ಲವಂತೆ, ಬೆನ್ನು ನೋಡುತ್ತಾರಂತೆ. "ಉಸಿರು ತಗೊಂಡ್ರ ಬೆನ್ನು ಮ್ಯಾಲ ಏಳತೈತಿ. ಉಸಿರು ಸಾಲಂಗಿಲ್ಲ ಅಂದ್ರ ಹೆಗಲು ಬಿಗಿ ಆಗತಾವು. ಅದನ್ನ ನೋಡಿ ನಾವು ಸಾಲು ಎತ್ತತೀವಿ. ಅವ ಬಿಟ್ಟಲ್ಲೆ ನಾವು ಹಿಡಿಯೂದು. ಅಲ್ಲಿ ಪರದೆ ಹಿಂದ ಕುಂತ್ರ ನನಗೇನ ಕಾಣತೈತಿ? ಅವನ ಒಂದ ಕೈ ಕಾಣತೈತಿ."

ಸಾವಿರ ಜನ ಬಯಲಲ್ಲಿ ಕೂತಿರುತ್ತಾರೆ. ಮಕ್ಕಳು ಅಳುತ್ತಿರುತ್ತವೆ. ಪಾತ್ರಧಾರಿಯ ಸಾಲಿನ ಬಾಲ ಗಾಳಿಗೆ ಹೋಗುತ್ತದೆ. ಹಿಮ್ಮೇಳ ಎತ್ತಿಕೊಳ್ಳುವುದು ಅದೇ ಬಾಲವನ್ನು. ನಾನು ಅಲ್ಲಿಯ ತನಕ ಅದನ್ನು ಬರೀ ಸಂಗೀತ ಎಂದುಕೊಂಡಿದ್ದೆ. ಹದಿನಾಲ್ಕನೇ ಸಾಲಿನಲ್ಲಿ ನಾನು ಕಳೆದುಕೊಂಡ ಕ್ರಿಯಾಪದವನ್ನು ಹುಡುಕಿ ತಂದು ಕೊಡುವವರು ಹಿಮ್ಮೇಳದವರು. ಅವರು ಹಾಡುವಷ್ಟು ಹೊತ್ತು ಪಾತ್ರಧಾರಿ ಒಂದು ಸುತ್ತು ಹಾಕುತ್ತಾನೆ, ಉಸಿರು ತುಂಬಿಕೊಳ್ಳುತ್ತಾನೆ, ಹಿಮ್ಮೇಳದ ಕಡೆ ತಿರುಗಿ ಹುರಿದುಂಬಿಸುತ್ತಾನೆ. ಕಾಯುವ ಪ್ರಶ್ನೆಯೇ ಇಲ್ಲ. ಕಿವಿಗೆ, ಕಣ್ಣಿಗೆ, ನಟನ ಎದೆಗೂಡಿಗೆ ಒಂದೇ ಏರ್ಪಾಟು. ಅದನ್ನು ಪರದೆಯ ಮರೆಗೆ ಸರಿಸಿದಾಗ ಮೂರೂ ಒಟ್ಟಿಗೆ ಕೆಟ್ಟವು.

ನಿರ್ದೇಶಕರ ಕಡೆಯ ಮಾತು

ಇಲ್ಲಿಗೆ ನಿಲ್ಲಿಸಿದರೆ ನಿರ್ದೇಶಕರಿಗೆ ಅನ್ಯಾಯ. ಅವರಿಗೆ ಸಣ್ಣಾಟ ಗೊತ್ತಿಲ್ಲದೆ ಹೀಗೆ ಮಾಡಲಿಲ್ಲ. ರಂಗದ ಆಳ ಕಡಿಮೆ. ಹಿಂದೆ ಈರ್ಯಾನ ಮನೆ ನಿಲ್ಲಿಸಿದ ಮೇಲೆ ಐದು ಜನಕ್ಕೆ ಜಾಗ ಉಳಿಯುತ್ತಿರಲಿಲ್ಲ. ಇನ್ನೊಂದು, ಕೊಲೆಯ ದೃಶ್ಯದಲ್ಲಿ ಸಂಗ್ಯಾ ಒಬ್ಬನೇ ಇರಬೇಕು ಎಂದು ಅವರ ಆಸೆ. ಆ ದೃಶ್ಯ ನಿಜಕ್ಕೂ ಎದೆ ನಡುಗಿಸಿತು. ಖಾಲಿ ರಂಗ, ಒಂದೇ ದೀಪ, ಯಾವ ವಾದ್ಯವೂ ಇಲ್ಲ. "ಬಾಳ್ಯಾ" ಎಂದು ಸಂಗ್ಯಾ ಕರೆಯುತ್ತಾನೆ, ಎತ್ತಿಕೊಳ್ಳುವ ದನಿ ಇಲ್ಲ. ಗೆಳೆಯ ಕೈಬಿಟ್ಟ ಎಂಬುದು ಆ ಮೌನದಲ್ಲೇ ಗೊತ್ತಾಯಿತು. ಎರಡೂ ದಿನ ಅಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು.

ಹಿಮ್ಮೇಳವನ್ನು ಮರೆಗೆ ಸರಿಸುವುದಕ್ಕೆ ಈ ಭಾಗದಲ್ಲಿ ಒಂದು ಹಳೆಯ ಚರಿತ್ರೆಯೂ ಇದೆ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಶುರು ಮಾಡಿದಾಗ ಅದರ ಹಿಂದೆ ನಮ್ಮ ಕರಾವಳಿಯಿಂದ ಹೋದ, ಹಾಡಿ ಕುಣಿದು ಆಟ ಆಡುವ ಭಾಗವತ ಮೇಳದ ಪ್ರೇರಣೆ ಇತ್ತು. ಅಲ್ಲಿ ಸೂತ್ರಧಾರ ತನ್ನ ಹಾಡುಗಾರರ ಜತೆ ರಂಗದ ಮೇಲೇ ಇದ್ದು ಪದ್ಯ ಹಾಡುತ್ತಿದ್ದ. ಅದೇ 1843ರಲ್ಲಿ ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದರು. ಅಲ್ಲಿ ಪಾತ್ರಧಾರಿಗಳೇ ತಮ್ಮ ಹಾಡು ಹಾಡಿದರು. ಹಾಡು ನಟನ ಬಾಯಿಗೆ ಬಂದ ಮೇಲೆ ಮೇಳಕ್ಕೆ ರಂಗದ ಮೇಲೆ ಕೆಲಸ ಉಳಿಯಲಿಲ್ಲ. ನಮ್ಮ ಕಂಪನಿ ನಾಟಕಗಳಲ್ಲೂ ಪೇಟಿ, ತಬಲಾ ರಂಗದ ಮುಂದಿನ ತಗ್ಗಿಗೆ ಇಳಿದವು. ಮರಾಠಿ, ಕನ್ನಡ ಎರಡನ್ನೂ ಕೇಳಿ ಬೆಳೆದ ಬೆಳಗಾವಿಯ ಕಣ್ಣಿಗೆ ರಂಗ ಎಂದರೆ ವಾದ್ಯದವರಿಲ್ಲದ ಖಾಲಿ ಜಾಗ. ನಿರ್ದೇಶಕರ ಕಣ್ಣೂ ಅದೇ, ನನ್ನ ಕಣ್ಣೂ ಅದೇ. ಅದಕ್ಕೇ ಮೊದಲ ದಿನ ಹಿಮ್ಮೇಳ ಕಾಣದ್ದು ನನಗೆ ಕೊರತೆ ಎಂದೇ ಹೊಳೆಯಲಿಲ್ಲ.

ಎರಡನೇ ವಿಮರ್ಶೆ

ಸಂಪಾದಕರು ಮೊದಲು ಒಪ್ಪಲಿಲ್ಲ. ಒಂದೇ ನಾಟಕಕ್ಕೆ ಎರಡು ಸಲ ಜಾಗ ಯಾಕೆ ಎಂದರು. ಮೊದಲ ಬರಹ ಕೊರತೆಯದ್ದು ಎಂದು ನಾನೇ ಮೊದಲ ಸಾಲಲ್ಲಿ ಬರೆಯುತ್ತೇನೆ ಎಂದ ಮೇಲೆ ಒಪ್ಪಿದರು.

ಈ ಸಲ "ಜಾಳು" ಎಂಬ ಪದವನ್ನೇ ಬಳಸಲಿಲ್ಲ. ಒಂಬತ್ತು ಕತ್ತಲು ಎಲ್ಲೆಲ್ಲಿ ಬಂದವು, ಯಾವುದರಲ್ಲಿ ಜನ ಚದುರಿದರು ಎಂದು ಬರೆದೆ. ಬಾಲ ನುಂಗಿದ ಮೂರು ಮಾತುಗಳನ್ನು ಹಾಗೆ ಹಾಗೆಯೇ ಕೊಟ್ಟೆ. ಹಿಮ್ಮೇಳ ಕಾಣದಾಗ ಸಂಗ್ಯಾನ ಕೈ ಎಲ್ಲಿ ಹೋಗುತ್ತಿತ್ತು ಎಂದು ಬರೆದೆ. ಕೊಲೆಯ ದೃಶ್ಯದ ಮೌನಕ್ಕೆ ಒಂದು ಇಡೀ ಪ್ಯಾರಾ ಕೊಟ್ಟೆ, ಅದಕ್ಕೆ ಅಷ್ಟು ಯೋಗ್ಯತೆ ಇತ್ತು. "ಹಿಮ್ಮೇಳವನ್ನು ರಂಗಕ್ಕೆ ತನ್ನಿ" ಎಂದು ಮಾತ್ರ ಬರೆಯಲಿಲ್ಲ. ತುಂಬಾ ಆಸೆಯಾಗಿತ್ತು, ಒಂದು ಸಲ ಬರೆದೂ ಹೊಡೆದು ಹಾಕಿದೆ. ಅದನ್ನು ಹೇಳುವುದು ನಿರ್ದೇಶಕರ ಕುರ್ಚಿಯಲ್ಲಿ ನಾನು ಹೋಗಿ ಕೂತಂತೆ. ನಾನು ಕಂಡದ್ದನ್ನು ಜಾಗ ಸಮೇತ ಹೇಳಿದರೆ ದಾರಿ ಅವರಿಗೇ ಕಾಣುತ್ತದೆ. ಕಾಣದಿದ್ದರೆ ಅದೂ ಅವರ ನಾಟಕ.

ಒಂದು ಹೊಸ ಮಾತು ಸೇರಿಸಿದೆ, ಗಂಗಿಯ ಬಗ್ಗೆ. ಪೇಟಿ ಮಾಸ್ತರರ ಬಳಿ ಇದ್ದ ಬರಹದ ಪ್ರತಿಯಲ್ಲಿ ಗಂಗಿಗೆ ಐದು ಹಾಡುಗಳಿದ್ದವು. ಪ್ರಯೋಗದಲ್ಲಿ ಎರಡು ಉಳಿದಿದ್ದವು, ಎರಡೂ ಅಳುವ ಹಾಡುಗಳು. ಬೈಯುವ, ಕೇಳುವ, ಬೇಡ ಎನ್ನುವ ಗಂಗಿ ಹೋಗಿ, ಕಣ್ಣು ಕೆಳಗೆ ಹಾಕಿ ನಿಲ್ಲುವ ಗಂಗಿ ಉಳಿದಿದ್ದಳು. ಪಾತ್ರ ಮಾಡಿದ ಹುಡುಗಿಯ ದನಿಯಲ್ಲಿ ಒಳ್ಳೆಯ ಖಾರ ಇತ್ತು. ಅದಕ್ಕೆ ಕೆಲಸವೇ ಸಿಗಲಿಲ್ಲ. ಗಂಡಸರ ಜಗಳದ ಕಥೆಯಲ್ಲಿ ಹೆಣ್ಣಿನ ಮಾತನ್ನೇ ಮೊದಲು ಕತ್ತರಿಸಿದ್ದು ನನಗೆ ನೋವಾಯಿತು. ಹಾಗೆಯೇ ಬರೆದೆ.

ನಡುವೆ ಒಂದು ಚಿತ್ರಪ್ರದರ್ಶನ

ಆ ಹದಿನೆಂಟು ದಿನದಲ್ಲೇ ನಗರದ ಒಂದು ಸಭಾಂಗಣದಲ್ಲಿ ಜಲವರ್ಣ ಚಿತ್ರಗಳ ಪ್ರದರ್ಶನ ಇತ್ತು. ಗೋಕಾಕ ಜಲಪಾತ, ಬೆಳಗಾವಿ ಕೋಟೆ, ರಾಜಹಂಸಗಡ, ಮಳೆಯಲ್ಲಿ ಖಡೇಬಜಾರ. ನಿಸರ್ಗಚಿತ್ರ ನೋಡುವ ರೂಢಿ ಈ ಊರಿಗೆ ಹೊಸದಲ್ಲ. ಕೆ.ಬಿ. ಕುಲಕರ್ಣಿಯವರಂಥ ಕಲಾವಿದರು ಇಲ್ಲಿಯೇ ಇದ್ದು ಬರೆದು, ಕಲಿಸಿದ ಊರು ಇದು. ನಾನು ಚೀಟಿಯಲ್ಲಿ "ಬಣ್ಣ ಮಂಕು" ಎಂದು ಬರೆದುಕೊಂಡೆ. ಬಾಗಿಲ ತನಕ ಹೋದವಳಿಗೆ ನಿರ್ದೇಶಕರ ಪ್ರಶ್ನೆ ನೆನಪಾಯಿತು. ಎಲ್ಲಿ ಮಂಕು?

ವಾಪಸು ಬಂದು ಒಂದೊಂದರ ಮುಂದೆ ಎಡಕ್ಕೆ, ಬಲಕ್ಕೆ ಸರಿದು ನೋಡಿದೆ. ಜಲವರ್ಣಕ್ಕೆ ಗಾಜು ಹಾಕಿರುತ್ತಾರೆ. ಎದುರು ಗೋಡೆಯ ಟ್ಯೂಬ್‌ಲೈಟು ಪೂರ್ತಿ ಆ ಗಾಜಿನಲ್ಲಿ ಹೊಳೆಯುತ್ತಿತ್ತು. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 150 ಸೆಂಟಿಮೀಟರ್ ಇದ್ದರೆ ನಿಂತವರ ಕಣ್ಣಿಗೆ ನೇರ ಸಿಗುತ್ತದೆ. ಇಲ್ಲಿ ಹಳೆಯ ಮೊಳೆಗಳಿಗೇ ನೇತು ಹಾಕಿದ್ದರಿಂದ ಒಂದು ಗೇಣು ಮೇಲಿದ್ದವು. ನೋಡಿಕೊಳ್ಳುತ್ತಿದ್ದ ಹುಡುಗನನ್ನು ಕೇಳಿ ಒಂದು ಟ್ಯೂಬ್ ಆರಿಸಿದೆವು. ಖಡೇಬಜಾರದ ಒದ್ದೆ ರಸ್ತೆಯಲ್ಲಿ ಅಂಗಡಿಗಳ ಹಳದಿ ಬೆಳಕು ಎದ್ದು ಬಂತು! ಜಲವರ್ಣಕ್ಕೆ ಬೆಳಕು ಕಡಿಮೆಯೇ ಸಾಕು, ವಸ್ತುಸಂಗ್ರಹಾಲಯಗಳಲ್ಲಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನಲ್ಲಿ ಇಡುತ್ತಾರೆ. ಜಾಸ್ತಿ ಬೆಳಕು ಬಣ್ಣವನ್ನು ತಿನ್ನುತ್ತದೆ ಕೂಡ. "ಬಣ್ಣ ಮಂಕು" ಎಂದು ನಾನು ಅಚ್ಚು ಹಾಕಿಸಿದ್ದರೆ ಕಲಾವಿದರು ಮಾಡದ ತಪ್ಪನ್ನು ಅವರ ತಲೆಗೆ ಕಟ್ಟಿದಂತೆ ಆಗುತ್ತಿತ್ತು. ಹೊಡೆದು ಹಾಕಿ ಗಾಜಿನ ಬಗ್ಗೆ, ಎತ್ತರದ ಬಗ್ಗೆ, ಆ ಹಳದಿಯ ಬಗ್ಗೆ ಬರೆದೆ.

ಆಮೇಲೆ

ಎರಡನೇ ವಿಮರ್ಶೆ ಬಂದ ಸಂಜೆಯೇ ನಿರ್ದೇಶಕರ ಫೋನು. ಈ ಸಲ ದನಿ ಜೋರಿತ್ತು.

"ಗಂಗಿ ಬಗ್ಗೆ ನೀವು ಬರದಿದ್ದು ನಾ ಒಪ್ಪೂದಿಲ್ಲ ಅಕ್ಕಾರ. ಆ ಮೂರು ಹಾಡು ಇಟ್ರ ಎರಡು ತಾಸಿನ್ಯಾಗ ಆಟ ಮುಗಿಯಂಗಿಲ್ಲ."

"ಒಂಬತ್ತು ಕತ್ತಲು ತೆಗೆದ್ರೆ ಆರು ನಿಮಿಷ ಉಳಿತದಲ್ಲ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೇರೆ ಮಾತು ತೆಗೆದರು. ಮುಂದಿನ ಪ್ರಯೋಗ ಬೈಲಹೊಂಗಲದಲ್ಲಿ, ಬಯಲಲ್ಲಿ. ಈರ್ಯಾನ ಮನೆಯ ಚೌಕಟ್ಟು ಬಿಟ್ಟು ಹೋಗುತ್ತಾರಂತೆ, ಲಾರಿ ಬಾಡಿಗೆಯೂ ಉಳಿಯುತ್ತದೆ. ಪೇಟಿ ಮಾಸ್ತರರನ್ನು ಹಿಂದೆ ಕೂರಿಸಿ ತಾಲೀಮು ಶುರು ಮಾಡಿದ್ದಾರಂತೆ. ಕೊಲೆಯ ದೃಶ್ಯಕ್ಕೆ ಏನು ಮಾಡಬೇಕು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಹಿಮ್ಮೇಳದವರು ಎದ್ದು ಹೋಗಬೇಕೋ, ಕೂತಲ್ಲೇ ಬಾಯಿ ಮುಚ್ಚಬೇಕೋ ಎಂದು ತಂಡದಲ್ಲಿ ಎರಡು ಪಕ್ಷ ಆಗಿದೆಯಂತೆ. ಗಂಗಿಯ ಹಾಡಿನ ಮಾತು ಮತ್ತೆ ಎತ್ತಲಿಲ್ಲ.

"ರವಿವಾರ ತಾಲೀಮಿಗೆ ಬರ್ರಿ, ನೋಡಿ ಹೇಳ್ರಿ" ಎಂದರು.

ತಾಲೀಮಿಗೆ ಬರುವುದಿಲ್ಲ, ಬೈಲಹೊಂಗಲಕ್ಕೆ ಬರುತ್ತೇನೆ, ಹಿಂದೆ ಕೂರುತ್ತೇನೆ ಎಂದೆ.